ಮನೆಯಲ್ಲೇ ಎಂಟಿಎಚ್‌ಎಫ್‌ಆರ್ ಪರೀಕ್ಷೆ: ಅಕ್ಷರ ಸರಿ, ಅರ್ಥ ತಪ್ಪು

ಕೊಳವೆಯೊಂದಕ್ಕೆ ಎಂಜಲು ತುಂಬಿ ಕಳುಹಿಸಿದರೆ, ಎಂಟಿಎಚ್‌ಎಫ್‌ಆರ್ ಎಂಬ ಜೀನನ್ನು ಓದಿ, ಅದು ರೂಪಿಸುವ ಕಿಣ್ವ ನಮ್ಮ ದೇಹದಲ್ಲಿ ಎಷ್ಟರ ಮಟ್ಟಿಗೆ ದುಡಿಯುತ್ತಿದೆ ಎಂದು ತಿಳಿಸುವುದಾಗಿ ಹೇಳಿಕೊಳ್ಳುವ ಪರೀಕ್ಷಾ ಸೇವೆಯೊಂದನ್ನು ನಾನು ಈಚೆಗೆ ಕೊಂಡು ಬಳಸಿದೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಇಂಥದೇ ಕಿಟ್ ಮಾರುವವರು ಹಲವರಿದ್ದಾರೆ, ನನ್ನ ಆಕ್ಷೇಪಗಳಲ್ಲಿ ಹೆಚ್ಚಿನವು ಇಂಥ ಸೇವೆಗಳಲ್ಲಿ ಹಲವಕ್ಕೆ ಅನ್ವಯಿಸಬಹುದಾದಂಥವು.

ಇದನ್ನು ಕೊಳ್ಳಲು ಕಾರಣ ನನ್ನ ಕುತೂಹಲವಲ್ಲ. ತಾಯಿಯಾಗುವ ಯೋಚನೆಯಲ್ಲಿದ್ದ ಅಣ್ಣನ ಮಗಳು, ವೈದ್ಯರು ಬರೆದುಕೊಟ್ಟಿದ್ದ ಫೋಲಿಕ್ ಆಮ್ಲದ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದ್ದಳು. ಕೇಳಿದ್ದಕ್ಕೆ, ‘ಚಿಕ್ಕಪ್ಪ, ನನ್ನ ಜೀನಿಗೆ ಅದು ಒಗ್ಗುವುದಿಲ್ಲವಂತೆ, ವರದಿಯಲ್ಲಿ ಕೆಂಪು ಅಕ್ಷರದಲ್ಲಿ ಬರೆದಿದ್ದಾರೆ ನೋಡಿ’ ಎಂದು ಫೋನಿನಲ್ಲಿದ್ದ ಪುಟವನ್ನು ನನ್ನ ಮುಂದೆ ಹಿಡಿದಳು. ಹಲವು ವರ್ಷ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡಿದವನಿಗೆ ಆ ಒಂದು ಪುಟವನ್ನು ಓದಿ ಸುಮ್ಮನಿರಲು ಆಗಲಿಲ್ಲ. ಆಕೆಯ ವರದಿಯನ್ನು ಮಾತ್ರ ಓದಿ ತೀರ್ಪು ಕೊಡುವುದು ಸರಿಯಲ್ಲವೆನಿಸಿ, ಅದೇ ಕಿಟ್ಟನ್ನು ನನ್ನ ಹೆಸರಿಗೂ ತರಿಸಿಕೊಂಡೆ.

ಡಬ್ಬಿಯ ವಿಷಯದಲ್ಲಿ ದೂರುವುದಕ್ಕೆ ಹೆಚ್ಚೇನಿಲ್ಲ. ಒಂದು ಪ್ಲಾಸ್ಟಿಕ್ ಕೊಳವೆ, ಅದರ ಬಾಯಿಗೆ ಕೂರುವ ಆಲಿಕೆ, ಸಂರಕ್ಷಕ ದ್ರಾವಣವನ್ನು ಒಳಗೆ ಅಡಗಿಸಿಕೊಂಡ ಮುಚ್ಚಳ, ಸಂಕೇತ ಸಂಖ್ಯೆಯ ಚೀಟಿ, ಮರಳಿ ಕಳುಹಿಸುವ ಲಕೋಟೆ. ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ ಇದ್ದು, ಗುರುತಿನ ಗೆರೆಯವರೆಗೆ ಎಂಜಲು ತುಂಬಬೇಕು. ನೊರೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದನ್ನು ಚಿತ್ರ ಸಮೇತ ವಿವರಿಸಿದ್ದಾರೆ. ವಯಸ್ಸಾದವರಿಗೆ ಬಾಯಿ ಒಣಗುವ ತೊಂದರೆ ಇರುವುದರಿಂದ ಆ ಗೆರೆ ಮುಟ್ಟಲು ನನಗೆ ಇಪ್ಪತ್ತು ನಿಮಿಷವೇ ಹಿಡಿಯಿತು ಎನ್ನುವುದನ್ನು ಬಿಟ್ಟರೆ ಕೆಲಸ ಸಲೀಸು. ಮೂರು ವಾರದೊಳಗೆ ವರದಿ ಬರುತ್ತದೆ ಎಂದಿದ್ದರು, ಹತ್ತೊಂಬತ್ತನೆಯ ದಿನಕ್ಕೇ ಬಂತು.

ಅಕ್ಷರಗಳನ್ನು ಓದುವ ಕೆಲಸವನ್ನೂ ಅವರು ಸರಿಯಾಗಿಯೇ ಮಾಡಿದ್ದಾರೆ. ಈ ಜೀನ್ ಇರುವುದು 1ನೆಯ ವರ್ಣತಂತುವಿನ ಗಿಡ್ಡ ತೋಳಿನ ತುದಿಯ ಭಾಗದಲ್ಲಿ. ಅದರಲ್ಲಿ 677 ಎಂಬ ಸಂಖ್ಯೆಯಿಂದ ಹೆಸರಾದ ತಾಣದಲ್ಲಿ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ‘ಸಿ’ ಸಾಮಾನ್ಯವಾಗಿ ಇರುತ್ತದೆ, ಕೆಲವರಲ್ಲಿ ‘ಟಿ’ ಇರುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುವುದರಿಂದ ‘ಸಿಸಿ’, ‘ಸಿಟಿ’, ‘ಟಿಟಿ’ ಎಂಬ ಮೂರು ಸಾಧ್ಯತೆಗಳಿವೆ. ಅಣ್ಣನ ಮಗಳದು ‘ಸಿಟಿ’, ನನ್ನದು ‘ಟಿಟಿ’ ಎಂದು ವರದಿ ಹೇಳಿತು. ನಾನು ಬೇರೊಂದು ಪ್ರಯೋಗಾಲಯದಲ್ಲಿ ರಕ್ತ ಕೊಟ್ಟು ಇದೇ ತಾಣವನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆ, ಉತ್ತರದಲ್ಲಿ ವ್ಯತ್ಯಾಸವಿರಲಿಲ್ಲ. ಆದ್ದರಿಂದ ಇವರು ಎಂಜಲನ್ನು ನೋಡದೆಯೇ ವರದಿ ಅಚ್ಚು ಹಾಕುತ್ತಾರೆಂಬ ಅನುಮಾನ ಯಾರಿಗಾದರೂ ಇದ್ದರೆ ಅದನ್ನು ಬಿಡಬಹುದು.

ತೊಂದರೆ ಆರಂಭವಾಗುವುದು ಅಕ್ಷರ ಮುಗಿದು ಅರ್ಥ ಶುರುವಾಗುವಲ್ಲಿ. ವರದಿ ಮೂವತ್ತನಾಲ್ಕು ಪುಟಗಳದು, ಅದರಲ್ಲಿ ನಿಜವಾದ ಫಲಿತಾಂಶ ಒಂದೇ ಪುಟ. ಆ ಪುಟದಲ್ಲೂ ಓದುಗನ ತಲೆ ಕೆಡಿಸುವಂಥ ಅಜಾಗರೂಕತೆಯಿದೆ. ಮೇಲ್ಭಾಗದ ಕೋಷ್ಟಕದಲ್ಲಿ ತಾಣದ ಸಂಖ್ಯೆ 677 ಎಂದಿದ್ದರೆ, ಕೆಳಗಿನ ತಾಂತ್ರಿಕ ಟಿಪ್ಪಣಿಯಲ್ಲಿ ಅದೇ ತಾಣ 665 ಆಗಿದೆ. ಇದು ತಪ್ಪಲ್ಲ: 677 ಎಂಬುದು ಹಳೆಯ ಎಣಿಕೆ, ಇಂದಿನ ಒಪ್ಪಿತ ಎಣಿಕೆಯ ಪ್ರಕಾರ ಅದು 665, ಹೆಸರು ಮಾತ್ರ ಹಳೆಯದೇ ಉಳಿದುಕೊಂಡಿದೆ. ಇನ್ನು, ಇಳಿಸಿಕೊಳ್ಳಲು ಕೊಡುವ ಮೂಲ ದತ್ತಾಂಶದ ಕಡತವನ್ನು ತೆರೆದರೆ ಅಲ್ಲಿ ‘ಟಿಟಿ’ ಬದಲು ‘ಎಎ’ ಎಂದು ಕಾಣುತ್ತದೆ. ಡಿಎನ್‌ಎ ಎರಡು ಎಳೆಗಳ ಹುರಿ. ಈ ಜೀನನ್ನು ಓದಬೇಕಾದದ್ದು ಒಂದು ಎಳೆಯಲ್ಲಿ, ಕಡತಗಳು ಬರೆಯುವುದು ಅದರ ಎದುರಿನ ಎಳೆಯ ಅಕ್ಷರವನ್ನು. ‘ಟಿ’ಯ ಎದುರಿಗೆ ಯಾವಾಗಲೂ ‘ಎ’ ಕೂರುವುದರಿಂದ ಎರಡೂ ಒಂದೇ ಮಾತು. ಎರಡು ಸಾಲಿನ ವಿವರಣೆ ಕೊಟ್ಟಿದ್ದರೆ ಸಾಕಿತ್ತು. ಅದಿಲ್ಲದ್ದರಿಂದ ಮಗಳು, ತನ್ನ ಮಾದರಿ ಬೇರೆ ಯಾರದೋ ಜೊತೆ ಅದಲುಬದಲಾಗಿದೆಯೇನೋ ಎಂದು ಎರಡು ದಿನ ಕಳವಳಪಟ್ಟಿದ್ದಳು.

ವರದಿ ನೋಡುವ ಎರಡನೆಯ ತಾಣ ಇದೇ ಜೀನಿನ 1298. ಅಲ್ಲಿ ನನ್ನ ಫಲಿತಾಂಶಕ್ಕೆ ಹಸಿರು ಬಣ್ಣ ಬಳಿದು, ‘ಸಂತಸದ ಸುದ್ದಿ: ಇಲ್ಲಿ ನಿಮಗೆ ದೋಷವಿಲ್ಲ’ ಎಂದು ಬರೆದಿದ್ದಾರೆ. ಈ ಎರಡು ಬದಲಾವಣೆಗಳು ಒಂದೇ ವರ್ಣತಂತುವಿನ ಮೇಲೆ ಜೊತೆಯಾಗಿ ಕಾಣಸಿಗುವುದು ಬಲು ಅಪರೂಪ. 677ರಲ್ಲಿ ಎರಡೂ ಪ್ರತಿಗಳು ‘ಟಿ’ ಆಗಿದ್ದವರಲ್ಲಿ 1298ರ ಬದಲಾವಣೆ ಬಹುಮಟ್ಟಿಗೆ ಇರುವುದೇ ಇಲ್ಲ. ಮೊದಲ ಉತ್ತರದಿಂದ ಹೆಚ್ಚುಕಡಿಮೆ ತಾನಾಗಿ ಹೊರಡುವ ಎರಡನೆಯ ಉತ್ತರವನ್ನು ಬೇರೆಯದೇ ಅದೃಷ್ಟವೆಂಬಂತೆ ತೋರಿಸಿದ್ದಾರೆ. ಸಣ್ಣ ಸಂಗತಿ ಇದು. ಆದರೆ ವರದಿ ಬರೆದವರಿಗೆ ಈ ಜೀನಿನ ಪರಿಚಯ ಎಷ್ಟಿದೆ ಎಂಬುದಕ್ಕೆ ನನಗೆ ಸಿಕ್ಕ ಮೊದಲ ಸುಳಿವು. ಡಬ್ಬಿಯ ಮೇಲೆ ‘ಸಂಪೂರ್ಣ ವಿಶ್ಲೇಷಣೆ’ ಎಂದು ಅಚ್ಚು ಹಾಕಿರುವುದೂ ಹೀಗೆಯೇ: ಓದುವುದು ಎರಡೇ ತಾಣ. ಈ ಜೀನನ್ನು ನಿಜವಾಗಿ ಕೆಡಿಸುವ, ಕಾಯಿಲೆ ತರುವ ಬದಲಾವಣೆಗಳು ನೂರಕ್ಕೂ ಹೆಚ್ಚು ವರದಿಯಾಗಿವೆ, ಅವು ಯಾವುವೂ ಈ ಪರೀಕ್ಷೆಯ ವ್ಯಾಪ್ತಿಯಲ್ಲಿಲ್ಲ.

ಕಿಣ್ವದ ಬಗ್ಗೆ ವರದಿ ಏನು ಹೇಳುತ್ತದೆ ಎಂಬುದಕ್ಕೆ ಮೊದಲು ಕಿಣ್ವ ಏನು ಮಾಡುತ್ತದೆ ಎಂದು ಹೇಳಬೇಕು, ಏಕೆಂದರೆ ಮೂವತ್ತನಾಲ್ಕು ಪುಟಗಳಲ್ಲಿ ಎಲ್ಲಿಯೂ ಅದನ್ನು ನೆಟ್ಟಗೆ ಹೇಳಿಲ್ಲ. ಅದರ ಪೂರ್ಣ ಹೆಸರು ಮೀಥಿಲೀನ್ ಟೆಟ್ರಾಹೈಡ್ರೋಫೋಲೇಟ್ ರಿಡಕ್ಟೇಸ್. 656 ಅಮೈನೋ ಆಮ್ಲಗಳ ಸರಪಳಿ, ಎರಡೆರಡು ಸರಪಳಿಗಳು ಜೋಡಿಯಾಗಿ ದುಡಿಯುತ್ತವೆ. ಫೋಲೇಟ್ ಎಂಬುದು ವಿಟಮಿನ್ ಬಿ9, ಮಾತ್ರೆಯಲ್ಲಿರುವ ಫೋಲಿಕ್ ಆಮ್ಲ ಅದರ ಕೃತಕ ರೂಪ. ಅದು ನಮ್ಮ ಜೀವಕೋಶಗಳಲ್ಲಿ ಒಂದೊಂದೇ ಇಂಗಾಲದ ಪರಮಾಣುವನ್ನು ಹೊತ್ತು ಸಾಗಿಸುವ ಹಮಾಲಿ. ಹೊತ್ತ ಇಂಗಾಲದ ರೂಪಕ್ಕೆ ತಕ್ಕಂತೆ ಅದು ಹೋಗುವ ದಾರಿ ಬೇರೆ. ಮೀಥಿಲೀನ್ ರೂಪದಲ್ಲಿದ್ದರೆ ಡಿಎನ್‌ಎ ಕಟ್ಟುವ ಕೆಲಸಕ್ಕೆ ಹೋಗಬಹುದು; ನಮ್ಮ ಕಿಣ್ವ ಆ ಮೀಥಿಲೀನನ್ನು ಮೀಥೈಲ್ ಆಗಿ ಬದಲಾಯಿಸಿದರೆ, ಆ ಮೀಥೈಲ್ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಸೇರಿ ಅದನ್ನು ಮೀಥಿಯೋನಿನ್ ಆಗಿ ಮಾಡುತ್ತದೆ. ಈ ಕೊನೆಯ ಹೆಜ್ಜೆಗೆ ಬೇರೊಂದು ಕಿಣ್ವವೂ ವಿಟಮಿನ್ ಬಿ12 ಕೂಡ ಬೇಕು. ಮೀಥಿಲೀನ್ ಮೀಥೈಲ್ ಆದ ಮೇಲೆ ಹಿಂದಿರುಗುವ ದಾರಿಯಿಲ್ಲ. ಹಾಗಾಗಿ ಈ ಕಿಣ್ವ ಕವಲುದಾರಿಯಲ್ಲಿ ನಿಂತ ಕಾವಲುಗಾರನ ಹಾಗೆ. ಮೀಥೈಲಿನ ದಾಸ್ತಾನು ಹೆಚ್ಚಾದರೆ ಅದರಿಂದಲೇ ತಯಾರಾದ ಎಸ್-ಅಡೆನೋಸಿಲ್ ಮೀಥಿಯೋನಿನ್ ಬಂದು ಕಿಣ್ವದ ಇನ್ನೊಂದು ತುದಿಗೆ ಅಂಟಿ ಅದರ ವೇಗವನ್ನು ತಗ್ಗಿಸುತ್ತದೆ. ತನ್ನ ಬಾಗಿಲನ್ನು ತಾನೇ ಬೇಕಾದಷ್ಟು ತೆರೆದು ಮುಚ್ಚುವ ಇಂಥ ವ್ಯವಸ್ಥೆಯನ್ನು ವರದಿ, ಒಂದು ಬ್ಯಾಟರಿಯ ಚಿತ್ರ ಬರೆದು ಅದರಲ್ಲಿ ಮೂರನೆಯ ಒಂದು ಪಾಲಿಗೂ ಕಡಿಮೆ ಬಣ್ಣ ತುಂಬಿ ಮುಗಿಸಿಬಿಟ್ಟಿದೆ.

ಆ ಬ್ಯಾಟರಿಯ ಕೆಳಗಿನ ಸಾಲು: ‘ನಿಮ್ಮ ಕಿಣ್ವ ಶೇ 30ರಷ್ಟು ಮಾತ್ರ ಕೆಲಸ ಮಾಡುತ್ತಿದೆ.’ ಮಗಳ ವರದಿಯಲ್ಲಿ ಇದು ಶೇ 65. ಈ ಸಂಖ್ಯೆಗಳು ಸುಳ್ಳಲ್ಲ, ಆದರೆ ಅವು ಎಲ್ಲಿಂದ ಬಂದವು ಎಂಬುದನ್ನು ಮರೆಮಾಡಿದರೆ ಸುಳ್ಳಿನ ಕೆಲಸವನ್ನೇ ಮಾಡುತ್ತವೆ. ಕೆಲವರ ಕಿಣ್ವ ಬಿಸಿಗೆ ಬೇಗ ಸೋಲುತ್ತದೆ ಎಂಬುದನ್ನು 1988ರಲ್ಲಿ ಕಾಂಗ್ ಮತ್ತು ಸಂಗಡಿಗರು ಗುರುತಿಸಿದ್ದರು. 1994ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೀಮಾ ರೋಜನ್ ಅವರ ತಂಡ ಈ ಜೀನನ್ನು ಪ್ರತ್ಯೇಕಿಸಿತು. ಮರುವರ್ಷ, ಅಂದರೆ 1995ರಲ್ಲಿ, ಆ ಶಾಖಭೀರುತನಕ್ಕೆ ಕಾರಣ 677ರ ‘ಟಿ’ ಎಂದು ಅದೇ ತಂಡ ತೋರಿಸಿತು. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಂದ ಕಿಣ್ವವನ್ನು ಹೊರತೆಗೆದು, ಪ್ರಯೋಗಾಲಯದ ಕೊಳವೆಯಲ್ಲಿ ಅಳೆದಾಗ ಸಿಕ್ಕಿದ್ದು ಆ ಶೇ 30 ಮತ್ತು ಶೇ 65. ಕೋಶದೊಳಗೆ ಅದರ ಸುತ್ತ ಇರುವ ಫೋಲೇಟು, ಅದನ್ನು ಹಿಡಿದು ನಿಲ್ಲಿಸುವ ಸಹಕಿಣ್ವ (ಕಿಣ್ವದ ಕೆಲಸಕ್ಕೆ ನೆರವಾಗುವ ಸಣ್ಣ ಅಣು), ಇವಾವುವೂ ಕೊಳವೆಯಲ್ಲಿ ಅದೇ ಪ್ರಮಾಣದಲ್ಲಿ ಇರುವುದಿಲ್ಲ.

ದೇಹದೊಳಗೆ ನಡೆಯುವುದು ಬೇರೆ. ಒಂದೇ ಪ್ರಮಾಣದ ಫೋಲಿಕ್ ಆಮ್ಲ ಸೇವಿಸುವ ಇಬ್ಬರನ್ನು ಹೋಲಿಸಿದರೆ, ‘ಟಿಟಿ’ ಇರುವವರ ರಕ್ತದ ಫೋಲೇಟ್ ಮಟ್ಟ ‘ಸಿಸಿ’ ಇರುವವರಿಗಿಂತ ಸುಮಾರು ಶೇ 16ರಷ್ಟು ಮಾತ್ರ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಶೇ 70 ನಷ್ಟ ಎಂಬ ಹೆದರಿಕೆಗೂ ಶೇ 16 ಕಡಿಮೆ ಎಂಬ ವಾಸ್ತವಕ್ಕೂ ಇರುವ ಅಂತರದಲ್ಲೇ ಈ ಸೇವೆಯ ವ್ಯಾಪಾರ ನಿಂತಿದೆ ಎಂದು ನನಗೆ ಅನಿಸಿತು. ಅಮೆರಿಕದ ಊರೊಂದರ ಜನರ ಆರೋಗ್ಯವನ್ನು ದೀರ್ಘಕಾಲ ಗಮನಿಸುತ್ತ ಬಂದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದ, 1996ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯೂ ಇದನ್ನೇ ಇನ್ನೊಂದು ಬದಿಯಿಂದ ತೋರಿಸಿತ್ತು: ‘ಟಿಟಿ’ ಇದ್ದವರಲ್ಲಿ ಹೋಮೋಸಿಸ್ಟೀನ್ ಏರಿದ್ದು ಫೋಲೇಟ್ ಮಟ್ಟ ಕಡಿಮೆ ಇದ್ದವರಲ್ಲಿ ಮಾತ್ರ, ಸಾಕಷ್ಟು ಫೋಲೇಟ್ ಇದ್ದವರಲ್ಲಿ ಜೀನಿನ ವ್ಯತ್ಯಾಸ ಎದ್ದು ಕಾಣಲಿಲ್ಲ. ನಾನು ನನ್ನ ಹೋಮೋಸಿಸ್ಟೀನ್ ಅಳೆಸಿದೆ. ಸಾಮಾನ್ಯ ಮಿತಿ ಲೀಟರಿಗೆ 5ರಿಂದ 15 ಮೈಕ್ರೋಮೋಲ್ ಎಂದು ಹೆಚ್ಚಿನ ಪ್ರಯೋಗಾಲಯಗಳು ಹಿಡಿಯುತ್ತವೆ. ನನ್ನದು 11 ಬಂತು. ಬ್ಯಾಟರಿ ಬಹುಪಾಲು ಬರಿದಾಗಿದೆ ಎಂದು ಬರೆಸಿಕೊಂಡವನ ಗಡಿಯಾರ ಸರಿಯಾಗಿಯೇ ನಡೆಯುತ್ತಿದೆ.

ಕಿಣ್ವ ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ, ಮತ್ತು ವರದಿಯ ಅತಿ ದೊಡ್ಡ ಲೋಪ ಇರುವುದೂ ಅಲ್ಲೇ. ‘ಸಿ’ ಬದಲು ‘ಟಿ’ ಬಂದಾಗ ಸರಪಳಿಯ 222ನೆಯ ಸ್ಥಾನದಲ್ಲಿ ಅಲನಿನ್ ಇರಬೇಕಾದಲ್ಲಿ ವ್ಯಾಲಿನ್ ಕೂರುತ್ತದೆ. ವ್ಯಾಲಿನ್ ತುಸು ದಪ್ಪ. ಅದು ರಾಸಾಯನಿಕ ಕ್ರಿಯೆ ನಡೆಯುವ ಜಾಗದಲ್ಲೇ ಇಲ್ಲ. ಆದರೆ ಅದರ ಒತ್ತಡದಿಂದ, ಕಿಣ್ವ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಬೇಕಾದ ಎಫ್‌ಎಡಿ ಎಂಬ ಸಹಕಿಣ್ವ ಸಡಿಲಗೊಂಡು ಜಾರಿಹೋಗುತ್ತದೆ. ಎಫ್‌ಎಡಿ ಇಲ್ಲದ ಕಿಣ್ವ ನಿಷ್ಕ್ರಿಯ. ಬ್ಯಾಕ್ಟೀರಿಯಾದ ಇದೇ ಕಿಣ್ವದ ರಚನೆಯನ್ನು 1999ರಲ್ಲಿ ಬಿಡಿಸಿದಾಗ ಈ ಸಂಗತಿ ಸ್ಪಷ್ಟವಾಯಿತು, ಮನುಷ್ಯನ ಕಿಣ್ವದ ರಚನೆ 2018ರಲ್ಲಿ ಸಿಕ್ಕಿತು. ಫೋಲೇಟ್ ಸಾಕಷ್ಟಿದ್ದರೆ ಎಫ್‌ಎಡಿ ಜಾರುವುದು ಕಡಿಮೆಯಾಗುತ್ತದೆ ಎಂಬುದೂ ಆ ಕೆಲಸದಿಂದಲೇ ತಿಳಿದುಬಂತು.

ಎಫ್‌ಎಡಿಯನ್ನು ನಮ್ಮ ದೇಹ ತಯಾರಿಸುವುದು ರೈಬೋಫ್ಲೇವಿನ್‌ನಿಂದ, ಅಂದರೆ ವಿಟಮಿನ್ ಬಿ2ರಿಂದ. ಹಾಗಾದರೆ ‘ಟಿಟಿ’ ಇರುವವರಿಗೆ ರೈಬೋಫ್ಲೇವಿನ್ ಕೊಟ್ಟರೆ ಏನಾಗಬಹುದು ಎಂಬುದು ಸಹಜವಾಗಿ ಏಳುವ ಪ್ರಶ್ನೆ. ಉತ್ತರ ಐರ್ಲೆಂಡಿನ ಅಲ್ಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಮಾಡಿ ನೋಡಿ 2006ರಲ್ಲಿ ಪ್ರಕಟಿಸಿದರು: ದಿನಕ್ಕೆ 1.6 ಮಿಲಿಗ್ರಾಂ ರೈಬೋಫ್ಲೇವಿನ್ ಪಡೆದಾಗ ‘ಟಿಟಿ’ ಗುಂಪಿನವರ ಹೋಮೋಸಿಸ್ಟೀನ್ ಇಳಿಯಿತು, ಉಳಿದ ಗುಂಪುಗಳಲ್ಲಿ ಇಳಿಯಲಿಲ್ಲ. ಅದೇ ತಂಡ ಮುಂದೆ ‘ಟಿಟಿ’ ಇರುವವರ ರಕ್ತದೊತ್ತಡದ ಮೇಲೂ ರೈಬೋಫ್ಲೇವಿನ್ ಪರಿಣಾಮ ಬೀರುವುದನ್ನು ವರದಿ ಮಾಡಿತು. ಅಕ್ಷರ ನೋಡಿ ಆಹಾರಾಂಶ ಹೇಳುವುದೇ ಈ ಸೇವೆಯ ಉದ್ದೇಶವಾಗಿದ್ದರೆ, ನನ್ನ ಅಕ್ಷರಗಳಿಗೆಂದೇ ಪ್ರಯೋಗಾಧಾರವಿರುವ ಆಹಾರಾಂಶ ಇದು. ವರದಿಯ ಮೂವತ್ತನಾಲ್ಕು ಪುಟಗಳನ್ನು ಎರಡು ಸಲ ಹುಡುಕಿದೆ. ರೈಬೋಫ್ಲೇವಿನ್ ಎಂಬ ಪದ ಒಮ್ಮೆಯೂ ಇಲ್ಲ. ಅವರು ಮಾರುವ ಮಾತ್ರೆಗಳ ಪಟ್ಟಿಯಲ್ಲೂ ಅದಿಲ್ಲ. ಇವೆರಡರ ನಡುವೆ ಸಂಬಂಧವಿದೆಯೇ ಎಂಬುದನ್ನು ಓದುಗರೇ ಯೋಚಿಸಲಿ.

ಪಟ್ಟಿಯಲ್ಲಿ ಇರುವುದು ಮೀಥೈಲ್‌ಫೋಲೇಟ್, ಅಂದರೆ ಮೀಥೈಲನ್ನು ಆಗಲೇ ಹೊತ್ತ ಫೋಲೇಟ್, ಮೂರು ಬೇರೆ ಬೇರೆ ಪ್ರಮಾಣಗಳಲ್ಲಿ. ವರದಿಯ ಹತ್ತೊಂಬತ್ತನೆಯ ಪುಟ ಹೇಳುವುದೇನೆಂದರೆ, ಈ ಬದಲಾವಣೆ ಇರುವವರ ದೇಹಕ್ಕೆ ಸಾಮಾನ್ಯ ಫೋಲಿಕ್ ಆಮ್ಲವನ್ನು ಬಳಸಿಕೊಳ್ಳಲು ಆಗುವುದಿಲ್ಲ, ಅದು ಒಳಗೇ ಶೇಖರವಾಗಿ ವಿಷವಾಗುತ್ತದೆ, ಆದ್ದರಿಂದ ಅದನ್ನು ಸಂಪೂರ್ಣವಾಗಿ ವರ್ಜಿಸಿ ಮೀಥೈಲ್‌ಫೋಲೇಟ್ ಮಾತ್ರ ಸೇವಿಸಬೇಕು. ಮಗಳು ಮಾತ್ರೆ ನಿಲ್ಲಿಸಿದ್ದು ಈ ಪುಟವನ್ನು ಓದಿ. ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ತಪ್ಪು. ಫೋಲಿಕ್ ಆಮ್ಲವನ್ನು ಬಳಕೆಗೆ ತರುವ ಮೊದಲ ಹೆಜ್ಜೆಗಳನ್ನು ನಡೆಸುವುದು ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಬೇರೆಯೇ ಕಿಣ್ವ, ಅದರ ಜೀನೂ ಬೇರೆ. ಅಲ್ಲಿಂದ ಮೀಥಿಲೀನ್ ರೂಪಕ್ಕೆ ಬಂದು ಡಿಎನ್‌ಎ ಕಟ್ಟುವ ಕೆಲಸಕ್ಕೆ ಒದಗಲು ಎಂಟಿಎಚ್‌ಎಫ್‌ಆರ್ ಬೇಕಾಗುವುದೇ ಇಲ್ಲ; ಅದು ಬೇಕಾಗುವುದು ಅದರ ನಂತರದ ಮೀಥೈಲ್ ಹೆಜ್ಜೆಗೆ ಮಾತ್ರ, ಅದನ್ನೂ ಅದು ನಿಧಾನವಾಗಿಯಾದರೂ ನಡೆಸುತ್ತದೆ. ಎಂಟಿಎಚ್‌ಎಫ್‌ಆರ್ ಬದಲಾವಣೆ ಇರುವವರೂ ಫೋಲಿಕ್ ಆಮ್ಲ ಸೇರಿದಂತೆ ಎಲ್ಲ ರೂಪದ ಫೋಲೇಟನ್ನು ಬಳಸಿಕೊಳ್ಳಬಲ್ಲರು ಎಂದು ಮೇಲೆ ಹೇಳಿದ ಅಮೆರಿಕದ ಕೇಂದ್ರವೇ ಸ್ಪಷ್ಟವಾಗಿ ತಿಳಿಸಿದೆ.

ನನ್ನಂಥವನು ಈ ಪುಟವನ್ನು ನಂಬಿದರೆ ನಷ್ಟವಾಗುವುದು ಹಣ ಮಾತ್ರ. ಗರ್ಭಧಾರಣೆಯ ಯೋಚನೆಯಲ್ಲಿರುವ ಹೆಣ್ಣುಮಗಳು ನಂಬಿದರೆ ಮಾತು ಬೇರೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನಗಳೊಳಗೆ, ಅನೇಕರಿಗೆ ತಾವು ಗರ್ಭಿಣಿ ಎಂದು ಗೊತ್ತಾಗುವುದಕ್ಕೂ ಮೊದಲು. ಅದು ಸರಿಯಾಗಿ ಮುಚ್ಚದಿದ್ದರೆ ಉಂಟಾಗುವ ದೋಷಗಳನ್ನು ಫೋಲಿಕ್ ಆಮ್ಲ ತಡೆಯುತ್ತದೆ ಎಂಬುದನ್ನು ಸಾಧಿಸಿದ್ದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ. 7 ದೇಶಗಳ 33 ಕೇಂದ್ರಗಳಲ್ಲಿ, ಹಿಂದೊಮ್ಮೆ ಇಂಥ ದೋಷದ ಗರ್ಭ ಕಂಡ ಮಹಿಳೆಯರಲ್ಲಿ ನಡೆದ ಆ ಪ್ರಯೋಗದಲ್ಲಿ, ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ದೋಷದ ಮರುಕಳಿಕೆಯನ್ನು ಶೇ 72ರಷ್ಟು ತಡೆಯಿತು. ಮರುವರ್ಷ ಹಂಗೆರಿಯ ಪ್ರಯೋಗ, ಮೊದಲ ಸಲ ಗರ್ಭ ಧರಿಸುವವರಲ್ಲೂ ಫೋಲಿಕ್ ಆಮ್ಲವಿದ್ದ ವಿಟಮಿನ್ ಮಾತ್ರೆ ಇದೇ ರಕ್ಷಣೆ ಕೊಡುವುದನ್ನು ತೋರಿಸಿತು. ಇಂದು ಸಾಮಾನ್ಯವಾಗಿ ಸೂಚಿಸುವ ಪ್ರಮಾಣ ದಿನಕ್ಕೆ 400 ಮೈಕ್ರೋಗ್ರಾಂ. ಮೀಥೈಲ್‌ಫೋಲೇಟ್ ರಕ್ತದ ಫೋಲೇಟನ್ನು ಏರಿಸುವುದೇನೋ ನಿಜ. ಆದರೆ ನರನಾಳ ದೋಷಗಳನ್ನು ತಡೆಯುತ್ತದೆಂದು ಪ್ರಯೋಗಗಳಲ್ಲಿ ಸಿದ್ಧವಾಗಿರುವುದು ಫೋಲಿಕ್ ಆಮ್ಲ ಒಂದೇ. ಸಿದ್ಧವಾದದ್ದನ್ನು ಬಿಡಿ, ಸಿದ್ಧವಾಗದ್ದನ್ನು ನಮ್ಮಿಂದ ಕೊಳ್ಳಿ ಎಂದು, ಅದೂ ಕೆಂಪು ಅಕ್ಷರಗಳಲ್ಲಿ, ಹೇಳುವ ಪುಟವನ್ನು ಒಂದು ದಿನವೂ ಉಳಿಸಬಾರದು.

ಇನ್ನೊಂದು ಅಪಾಯವನ್ನು ಕಂಪನಿ ಗಮನಿಸಿದಂತೆಯೇ ಕಾಣುವುದಿಲ್ಲ. ಮೀಥೈಲ್‌ಫೋಲೇಟ್ ತನ್ನ ಮೀಥೈಲನ್ನು ಇಳಿಸಲು ಇರುವ ದಾರಿ ಬಿ12 ನೆರವಿನ ಆ ಒಂದೇ ಹೆಜ್ಜೆ. ಬಿ12 ಕೊರತೆಯಿದ್ದರೆ ಫೋಲೇಟ್ ಆ ರೂಪದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಜೀವರಸಾಯನದ ಪಾಠಗಳಲ್ಲಿ ಇದನ್ನು ಮೀಥೈಲ್ ಬಲೆ ಎನ್ನುತ್ತೇವೆ. ಅಂದಮೇಲೆ ಮೀಥೈಲ್‌ಫೋಲೇಟ್ ಸೂಚಿಸುವವರು ಮೊದಲು ಕೇಳಬೇಕಾದದ್ದು ಬಿ12 ಎಷ್ಟಿದೆ ಎಂಬುದನ್ನು. ನೋಂದಣಿಯ ವೇಳೆ ತುಂಬಿಸಿಕೊಂಡ ಪ್ರಶ್ನಾವಳಿಯಲ್ಲಿ ನಿದ್ರೆ, ಮನಸ್ಥಿತಿ, ಕೂದಲು ಉದುರುವಿಕೆ ಎಲ್ಲವೂ ಇದ್ದವು, ಬಿ12 ಇರಲಿಲ್ಲ. ವಯಸ್ಸಾದವರಲ್ಲಿ, ಪ್ರಾಣಿಮೂಲದ ಆಹಾರ ತೀರ ಕಡಿಮೆ ಸೇವಿಸುವವರಲ್ಲಿ ಬಿ12 ಕೊರತೆ ಅಪರೂಪವಲ್ಲ. ಹೆಚ್ಚು ಫೋಲೇಟ್ ಸೇವನೆ ಆ ಕೊರತೆಯ ರಕ್ತಹೀನತೆಯನ್ನು ಮರೆಮಾಚಿ, ನರಗಳಿಗಾಗುವ ಹಾನಿ ಗಮನಕ್ಕೆ ಬಾರದಂತೆ ಮಾಡಬಲ್ಲದು.

ರೋಗಗಳ ಪಟ್ಟಿಯಿರುವ ಪುಟಗಳನ್ನು ಬೇಗ ದಾಟುತ್ತೇನೆ. ಹೃದಯಾಘಾತ, ರಕ್ತ ಹೆಪ್ಪುಗಟ್ಟುವಿಕೆ, ಗರ್ಭಪಾತ, ಖಿನ್ನತೆ, ಮೈಗ್ರೇನ್ ಎಲ್ಲವನ್ನೂ ಒಂದೇ ಬಲೆಯಲ್ಲಿ ಹಿಡಿದಿದ್ದಾರೆ. ಹೃದಯದ ವಿಷಯದಲ್ಲಿ ಒಂದು ಕಾಲಕ್ಕೆ ಗಂಭೀರ ಆಧಾರವಿತ್ತು: ಹೋಮೋಸಿಸ್ಟೀನ್ ರಕ್ತನಾಳಗಳನ್ನು ಕೆಡಿಸುತ್ತದೆ ಎಂದು ಅಮೆರಿಕದ ವೈದ್ಯ ಕಿಲ್ಮರ್ ಮೆಕ್‌ಕಲಿ 1969ರಲ್ಲೇ ವಾದಿಸಿದ್ದರು. ಆದರೆ ವಿಟಮಿನ್‌ಗಳಿಂದ ಹೋಮೋಸಿಸ್ಟೀನ್ ಇಳಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ, 2006ರಲ್ಲಿ ಪ್ರಕಟವಾದ ಹೋಪ್-2 ಮತ್ತು ನಾರ್ವಿಟ್ ಸೇರಿದಂತೆ, ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತಗಳು ಇಳಿಯಲಿಲ್ಲ. ಹೆಪ್ಪುಗಟ್ಟುವಿಕೆಯ ತನಿಖೆಗಾಗಿ ಅಥವಾ ಪದೇ ಪದೇ ಗರ್ಭಪಾತವಾಗುವುದರ ಕಾರಣ ಹುಡುಕಲು ಈ ಜೀನಿನ ಪರೀಕ್ಷೆ ಮಾಡಿಸಬಾರದೆಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ಕಾಲೇಜು 2013ರಲ್ಲೇ ಸಲಹೆ ನೀಡಿದೆ. ವರದಿ ಕಂಪನಿಗೆ ಬೇಕಾದಲ್ಲಿ 1995ರ ಸಂಶೋಧನೆಯನ್ನು ನೆನೆಯುತ್ತದೆ, ಅದರ ನಂತರದ ಕಾಲು ಶತಮಾನವನ್ನು ಮರೆಯುತ್ತದೆ. ಫೋಲೇಟ್ ಚೆನ್ನಾಗಿರುವ ‘ಟಿಟಿ’ ಪುರುಷರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಕಂಡುಬಂತು ಎಂಬ 1997ರ ಅಧ್ಯಯನವನ್ನೂ ಮರೆತಿದೆ. ಒಳ್ಳೆಯ ಸುದ್ದಿಗೆ ಮಾತ್ರೆ ಮಾರಲಾಗುವುದಿಲ್ಲವಷ್ಟೆ.

ಆದರೆ ಇಪ್ಪತ್ತಾರನೆಯ ಪುಟವನ್ನು ಹಾಗೆ ದಾಟಲಾರೆ. ಅಲ್ಲಿ ‘ಎಂಟಿಎಚ್‌ಎಫ್‌ಆರ್ ಕೊರತೆಯ ಲಕ್ಷಣಗಳು’ ಎಂಬ ಶೀರ್ಷಿಕೆಯ ಕೆಳಗೆ ಸೆಳೆತ, ಬುದ್ಧಿ ಬೆಳವಣಿಗೆಯ ಕುಂಠಿತ, ನಡಿಗೆಯ ತೊಂದರೆಗಳನ್ನು ಪಟ್ಟಿ ಮಾಡಿದ್ದಾರೆ. ಇವು ನಿಜವಾದ ಲಕ್ಷಣಗಳೇ, ಆದರೆ 1972ರಲ್ಲಿ ಮೊದಲು ವಿವರಿಸಲಾದ, ಬಲು ವಿರಳವಾದ ಬೇರೊಂದು ಕಾಯಿಲೆಯವು. ಅದರಲ್ಲಿ ಜೀನಿನ ಎರಡೂ ಪ್ರತಿಗಳು ತೀವ್ರವಾಗಿ ಕೆಟ್ಟು, ಕಿಣ್ವದ ಚಟುವಟಿಕೆ ಬಹುಪಾಲು ನಿಂತೇಹೋಗಿ, ಹೋಮೋಸಿಸ್ಟೀನ್ ಸಾಮಾನ್ಯ ಮಿತಿಯ ಹಲವು ಪಟ್ಟು ಏರುತ್ತದೆ. ಹೋಮೋಸಿಸ್ಟೀನ್ ಇಳಿಸುವ ಬೀಟೇನ್ ಎಂಬ ಔಷಧದ ಚಿಕಿತ್ಸೆ ಆದಷ್ಟು ಬೇಗ ಆರಂಭವಾದರೆ ಆ ಮಕ್ಕಳಿಗೆ ಹೆಚ್ಚು ಪ್ರಯೋಜನ. ಇದಕ್ಕೂ 677ರ ‘ಟಿ’ಗೂ ಹೋಲಿಕೆಯಿಲ್ಲ. ಮೆಕ್ಸಿಕೋದಲ್ಲಿ ಪರೀಕ್ಷಿಸಿದ ನವಜಾತ ಶಿಶುಗಳಲ್ಲಿ ಸುಮಾರು ಮೂರರಲ್ಲಿ ಒಂದು ‘ಟಿಟಿ’ಯೇ ಆಗಿತ್ತು. ಅಷ್ಟೊಂದು ಮಂದಿಯಲ್ಲಿರುವ ಅಕ್ಷರವನ್ನು ದೋಷವೆಂದು ಕರೆಯುವುದೇ ನನಗೆ ವಿಚಿತ್ರವೆನಿಸುತ್ತದೆ. ಅದರ ಪಕ್ಕದಲ್ಲಿ ಅಪರೂಪದ ಶಿಶುರೋಗದ ಲಕ್ಷಣಗಳನ್ನು ತಂದಿಟ್ಟಿರುವುದಕ್ಕೆ ವಿಚಿತ್ರ ಎಂಬ ಪದ ಸಾಲದು.

ವರದಿಯೊಂದಿಗೆ ಇಪ್ಪತ್ತು ನಿಮಿಷಗಳ ದೂರವಾಣಿ ಸಮಾಲೋಚನೆಯೂ ಸೇರಿದೆ. ಮಾತನಾಡಿದ ಹೆಣ್ಣುಮಗಳು ಸೌಜನ್ಯದಿಂದಲೇ ಉತ್ತರಿಸಿದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೂ ಒಪ್ಪಿಕೊಂಡರು. ಅಷ್ಟರ ಮಟ್ಟಿಗೆ ವರದಿಗಿಂತ ಅವರೇ ಮೇಲು. ಹೋಮೋಸಿಸ್ಟೀನ್ ಅಳೆಸದೆ ಮಾತ್ರೆ ಏಕೆ ಸೂಚಿಸುತ್ತೀರಿ ಎಂದು ಕೇಳಿದಾಗ, ತಮಗೆ ಕೊಟ್ಟಿರುವ ಪಟ್ಟಿಯಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ ಎಂದರು. ರೈಬೋಫ್ಲೇವಿನ್ ಬಗ್ಗೆ ಕೇಳಿದಾಗಲೂ ಅದೇ ಉತ್ತರ. ಉಳಿದ ಏಳೆಂಟು ನಿಮಿಷ ಮಾತ್ರೆಗಳ ಮಾಸಿಕ ಚಂದಾದ ವಿವರಕ್ಕೆ ಹೋಯಿತು.

ಖಾಸಗಿತನದ ವಿಷಯದಲ್ಲಿ ಸೇವೆ ಪರವಾಗಿಲ್ಲ. ಸಂಶೋಧನೆಗೆ ನಮ್ಮ ದತ್ತಾಂಶ ಕೊಡುವ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಕೇಳುತ್ತಾರೆ, ಮೊದಲೇ ಗುರುತು ಹಾಕಿಟ್ಟಿರುವುದಿಲ್ಲ. ಖಾತೆ ಅಳಿಸಲು ಕೋರಿದಾಗ ಎರಡೇ ದಿನದಲ್ಲಿ ಅಳಿಸಿದರು. ಆದರೆ ಎಂಜಲಿನ ಮಾದರಿಯನ್ನು ನಾಶಪಡಿಸಲು ಬೇರೆಯೇ ಅರ್ಜಿ ಬೇಕು ಎಂಬುದನ್ನು ನಾವಾಗಿ ಕೇಳದಿದ್ದರೆ ಹೇಳುವುದಿಲ್ಲ. ಖಾತೆ ಅಳಿಸುವವರು ಅದಕ್ಕೂ ಮೊದಲು ಮೂಲ ದತ್ತಾಂಶವನ್ನು ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಈ ಕಿಟ್ಟನ್ನು ಯಾರು ಕೊಳ್ಳಬಹುದು ಎಂದು ಕೇಳಿದರೆ ನನಗೆ ಯಾರೂ ಹೊಳೆಯುತ್ತಿಲ್ಲ. ಚಿಂತೆ ಹೋಮೋಸಿಸ್ಟೀನಿನದಾದರೆ ಅದನ್ನೇ ನೇರವಾಗಿ ಅಳೆಯುವ ರಕ್ತಪರೀಕ್ಷೆಯಿದೆ, ಜೊತೆಗೆ ಫೋಲೇಟ್ ಮತ್ತು ಬಿ12 ನೋಡಿಸಿದರೆ ಏರಿಕೆಯ ಸಾಮಾನ್ಯ ಕಾರಣಗಳು ಬಹುಮಟ್ಟಿಗೆ ತಿಳಿಯುತ್ತವೆ. ಅವು ಇಂದಿನ ಸ್ಥಿತಿಯನ್ನು ಹೇಳುತ್ತವೆ, ಚಿಕಿತ್ಸೆಯಾದ ಮೇಲೆ ಬದಲಾಗಿಯೂ ತೋರಿಸುತ್ತವೆ. ಮನೆಯ ಮಗುವಿಗೆ ತೀವ್ರ ಕೊರತೆಯ ಅನುಮಾನವಿದ್ದರೆ ಅದಕ್ಕೆ ಬೇಕಾದದ್ದು ಆಸ್ಪತ್ರೆಯ ತಳಿವಿಜ್ಞಾನ ವಿಭಾಗ, ಎರಡು ತಾಣಗಳ ಎಂಜಲು ಪರೀಕ್ಷೆಯಲ್ಲ.

ಮಗಳನ್ನು ಅವಳ ವೈದ್ಯರ ಬಳಿಗೆ ವರದಿ ಸಮೇತ ಕಳುಹಿಸಿದೆ. ಅವರು ಹತ್ತೊಂಬತ್ತನೆಯ ಪುಟ ಓದಿ, ಫೋಲಿಕ್ ಆಮ್ಲವನ್ನು ಅಂದೇ ಮತ್ತೆ ಶುರುಮಾಡಿಸಿದರು. ನಡುವೆ ತಪ್ಪಿದ್ದು ಐದು ವಾರ. ನಾನು ಆ ಪುಟದ ಒಂದೊಂದು ವಾಕ್ಯದ ತಪ್ಪನ್ನೂ ವಿವರಿಸಿ, ಗರ್ಭ ಧರಿಸಲಿರುವವರ ಮಟ್ಟಿಗಾದರೂ ಅದನ್ನು ತೆಗೆಯಿರಿ ಎಂದು ಕಂಪನಿಗೆ ಬರೆದೆ. ನಾಲ್ಕು ದಿನಗಳ ನಂತರ ಉತ್ತರ ಬಂತು: ವರದಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ತಿಳಿಸಿರುವಂತೆ ಇದು ವೈದ್ಯಕೀಯ ಸಲಹೆಯಲ್ಲ, ಮಾಹಿತಿಗಾಗಿ ಮಾತ್ರ. ಆ ಉತ್ತರದ ಕೆಳಗೆ, ನನ್ನ ‘ಟಿಟಿ’ ಫಲಿತಾಂಶಕ್ಕೆ ಸೂಕ್ತವೆಂದು ಆಯ್ದ ಮೀಥೈಲ್‌ಫೋಲೇಟ್ ಮಾತ್ರೆಗಳ ಕೊಂಡಿಯಿತ್ತು.